ಹಸಿ ಮೀನು, ಬಳಚಿನ ಪುಡಿ ಮತ್ತು ದೊಡ್ಡ ಜಾತಿಯ ಕುನ್ನಿಮರಿ

ಕುಮಟಾದ ಮೀನುಪೇಟೆಯಲ್ಲಿ ತಾರ್ಲೆ ಬುಟ್ಟಿ ಇಳಿಯುವ ಹೊತ್ತಿಗೆ ಕುನ್ನಿಗಳು ಬಂದು ಕೂತಿರುತ್ತವೆ. ಮೀನು ಹೆಚ್ಚುವವರು ಎಸೆಯುವ ತಲೆ, ಕರುಳು ಅವಕ್ಕೆ. ಮನೆಯ ಕುನ್ನಿಗೆ ಉಳಿದ ಗಂಜಿ, ಮೀನಿನ ಮುಳ್ಳು. ನಾಯಿಗೆ ಹಸಿ ಆಹಾರ ಎಂದು ಪೇಟೆಯವರು ಈಗ ಮಾತಾಡುತ್ತಿರುವುದು ನಮ್ಮ ಕರಾವಳಿಗೆ ಹಳೆಯ ಸಂಗತಿ. ಬದಲಾಗಿದ್ದು ನಾಯಿ. ಊರ ಕುನ್ನಿ ಮಲಗುತ್ತಿದ್ದ ಜಗಲಿಯಲ್ಲಿ ಈಗ ಶೆಫರ್ಡ್, ರಾಟ್‌ವೀಲರ್ ಮರಿಗಳಿವೆ.

ನಾವೂ ಒಂದು ಶೆಫರ್ಡ್ ಮರಿ ತಂದೆವು. ಮೂಳೆ ಗಟ್ಟಿಯಾಗಲಿ ಎಂದು ಹಸಿ ತಾರ್ಲೆ, ಕೋಳಿ, ಜೊತೆಗೆ ಅಘನಾಶಿನಿಯ ಬಳಚಿನ ಚಿಪ್ಪು ಕುಟ್ಟಿದ ಪುಡಿ ದಿನಾ ಹಾಕಿದೆವು. ಐದನೇ ತಿಂಗಳಿಗೆ ಮುಂಗಾಲು ಹೊರಗೆ ಸೊಟ್ಟಗಾಯಿತು. ಡಾಕ್ಟರು ಮೊದಲು ಕೇಳಿದ್ದೇ, 'ಕ್ಯಾಲ್ಸಿಯಂ ಎಷ್ಟು ಹಾಕ್ತೀರಿ?' ಎಂದು. ಹಳೆಯ ಕಥೆಗಳನ್ನು ಹುಡುಕಲು ಕೂತದ್ದು ಆಮೇಲೆ.

ನಮ್ಮ ರಾಜ್ಯದ ಹೆಸರುವಾಸಿ ನಾಯಿ ಮುಧೋಳದ್ದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಬಾಗಲಕೋಟೆ ಕಡೆಯ ರೈತರು ಅದನ್ನು ಸಾಕಿದ್ದು ಜೋಳ, ಹಾಲಿನ ಮೇಲೆ. ಆದರೆ ಅದು ಸಪೂರ ಮೈಯ ಬೇಟೆನಾಯಿ, ಐವತ್ತು ಕಿಲೋ ದಾಟುವ ಜಾತಿಯಲ್ಲ. ಹಾಗಾಗಿ ಅಲ್ಲಿಂದ ನಮಗೆ ಹೆಚ್ಚು ಸಿಗಲಿಲ್ಲ.

ಡಬ್ಬಿಯ ಆಹಾರದ ಕಥೆ ಶುರುವಾಗುವುದು ಬಂದರಿನಲ್ಲಿ. ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಮುಗಿಬಿದ್ದು ತಿನ್ನುವುದನ್ನು ಕಂಡು, ಲಂಡನ್ನಿನಲ್ಲಿದ್ದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ವ್ಯಾಪಾರಿ 1860ರ ಸುಮಾರಿಗೆ ನಾಯಿ ಬಿಸ್ಕತ್ತು ಮಾಡಿ ಮಾರಲು ತೊಡಗಿದನಂತೆ. ಇದಕ್ಕೆ ಎದುರಾಗಿ, ನಾಯಿಗೆ ಹಸಿ ಮಾಂಸ, ಮೂಳೆಯೇ ಸರಿ ಎಂದು 1993ರಲ್ಲಿ ಪುಸ್ತಕ ಬರೆದು ಹೆಸರಾದವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್.

ಈ ಹಸಿ–ಬೇಯಿಸಿದ ಜಗಳದ ನಡುವೆ ಯಾರೂ ಹೇಳದೆ ಬಿಡುವುದು ಗ್ರೇಟ್ ಡೇನ್ ಮರಿಗಳ ಕಥೆ. 1974ರಲ್ಲಿ ಅಮೆರಿಕದ ಸಂಶೋಧಕರು ಕೆಲವು ಮರಿಗಳಿಗೆ ಬೇಕಾದಷ್ಟು ತಿನ್ನಲು ಬಿಟ್ಟರು, ಉಳಿದವಕ್ಕೆ ಅದರ ಮೂರನೇ ಎರಡರಷ್ಟು ಮಾತ್ರ ಕೊಟ್ಟರು. ಕಾಲು, ಕೀಲು ಕೆಟ್ಟದ್ದು ಹೆಚ್ಚಾಗಿ ಹೊಟ್ಟೆ ತುಂಬ ತಿಂದವುಗಳದ್ದು. 1985ರಲ್ಲಿ ನೆದರ್‌ಲ್ಯಾಂಡ್ಸಿನ ಹೇಜ್‌ವಿಂಕಲ್ ಮತ್ತು ಸಂಗಡಿಗರು ಕ್ಯಾಲ್ಸಿಯಂ ಹೆಚ್ಚಿಸಿ ನೋಡಿದರು. ಅಲ್ಲೂ ಮರಿಗಳ ಮೂಳೆ ಬೆಳವಣಿಗೆ ಕೆಟ್ಟಿತು. ದೊಡ್ಡ ನಾಯಿ ಬೇಡದ ಕ್ಯಾಲ್ಸಿಯಂ ಅನ್ನು ಕರುಳಲ್ಲೇ ತಡೆಯಬಲ್ಲದು. ಎಳೆಯ ಮರಿಗೆ ಆ ಕಾವಲು ಇನ್ನೂ ಬಂದಿರುವುದಿಲ್ಲ, ಕೊಟ್ಟದ್ದರಲ್ಲಿ ಬಹುಪಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಬಳಚಿನ ಪುಡಿ ಮಾಡಿದ್ದೂ ಅದನ್ನೇ.

ಹಾಗೆಂದು ಬರೀ ಮಾಂಸ ಹಾಕಿದರೂ ಆಗದು. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ತುಂಬ, ಕ್ಯಾಲ್ಸಿಯಂ ಬಹಳ ಕಡಿಮೆ. ಮರಿಯ ದೇಹ ತನ್ನ ಮೂಳೆಯನ್ನೇ ಕರಗಿಸಿ ಆ ಕೊರತೆ ತುಂಬುತ್ತದೆ. ಮೂಳೆ ಮೆದುವಾಗಿ ಸಣ್ಣ ಜಿಗಿತಕ್ಕೂ ಮುರಿಯುತ್ತದೆ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ಲೆಕ್ಕದಲ್ಲಿ, ಬೆಳೆದಾಗ ಸುಮಾರು 32 ಕಿಲೋ ದಾಟುವ ಜಾತಿಯ ಮರಿಗಳ ಆಹಾರದಲ್ಲಿ, ನೀರಿನಂಶ ತೆಗೆದು ಲೆಕ್ಕ ಹಾಕಿದರೆ, ಕ್ಯಾಲ್ಸಿಯಂ ಶೇ. 1.8 ಮೀರಬಾರದು. ಹಸಿ ಊಟ ಕೊಡುವವರು ವೈದ್ಯರ ಹತ್ತಿರ ಕೇಳಬೇಕಾದ ಲೆಕ್ಕ ಇದೇ. ಕೋಳಿಯೋ ಕುರಿಯೋ ಎನ್ನುವುದು ಆಮೇಲಿನ ಮಾತು.

ಇನ್ನು ನಮ್ಮ ತಾರ್ಲೆ. 1932ರಲ್ಲಿ ಅಮೆರಿಕದ ಮಿನ್ನೆಸೋಟಾದ ಚಾಸ್ಟೆಕ್ ಎಂಬವರ ನರಿ ಫಾರ್ಮಿನಲ್ಲಿ ಹಸಿ ಮೀನು ತಿಂದ ನರಿಗಳಿಗೆ ಪಾರ್ಶ್ವವಾಯುವಿನಂಥ ರೋಗ ಬಂದು ಸತ್ತವು. ಮೀನಿನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ ಎಂದು ಮುಂದೆ ತಿಳಿಯಿತು. ಹೆರಿಂಗ್ ಕುಟುಂಬದ ಹಲವು ಮೀನುಗಳಲ್ಲಿ ಆ ಕಿಣ್ವ ಇದೆ. ತಾರ್ಲೆಯೂ ಅದೇ ಕುಟುಂಬದ್ದು. ಬೇಯಿಸಿದರೆ ಕಿಣ್ವ ಸಾಯುತ್ತದೆ. ಬೀದಿಯ ಕುನ್ನಿ ಗಂಜಿ, ಮುಳ್ಳು, ಕರುಳು ಎಂದು ಬೆರಸಿ ತಿನ್ನುತ್ತದೆ. ನಮ್ಮ ಮರಿಗೆ ಮಾತ್ರ ಮೂರು ಹೊತ್ತೂ ಹಸಿ ತಾರ್ಲೆ.

ಪುಡಿ ಅಂದೇ ನಿಂತಿತು. ಮೀನು ಈಗ ಬೆಂದೇ ಬಟ್ಟಲಿಗೆ ಬೀಳುತ್ತದೆ, ಅದೂ ವಾರಕ್ಕೆರಡು ದಿನ. ಒಂದು ಕಾಲು ನೆಟ್ಟಗಾಗಿದೆ. ಎಡಗಾಲು ಇನ್ನೂ ಸ್ವಲ್ಪ ಹೊರಗೇ ತಿರುಗಿದೆ. ಮೀನು ಮಾರುವ ಅಕ್ಕನ ಸ್ವರ ಬೀದಿಯಲ್ಲಿ ಕೇಳಿದರೆ ಸಾಕು, ಆ ಕಾಲಲ್ಲೇ ಗೇಟಿನವರೆಗೆ ಓಡುತ್ತದೆ.