ಚಾವಡಿಯ ಗೌಜಿ, ನಡುಮನೆಯ ಕಿವಿ: ಕಾಸರಗೋಡಿನ ಕನ್ನಡ ಮನೆಗಳ ಒಳಗಿನ ಸದ್ದಿನ ಚರಿತ್ರೆ

(ಗಡಿನಾಡ ಕನ್ನಡ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಂಡನೆಯ ಬರಹ ರೂಪ. ಮಾತಿನ ಧಾಟಿಯನ್ನು ಉಳಿಸಿಕೊಳ್ಳಲಾಗಿದೆ.)

ಗಡಿನಾಡಿನ ಕನ್ನಡ ಅಂದ ಕೂಡಲೇ ನಾವು ಸಾಮಾನ್ಯವಾಗಿ ಶಾಲೆ, ಆಡಳಿತ, ಪತ್ರಿಕೆ, ಚಳವಳಿ ಇವುಗಳ ಕಡೆಗೆ ಹೋಗ್ತೇವೆ. ನಾನು ಇವತ್ತು ಮನೆಯ ಒಳಗೆ ಹೋಗುವ ಅಂತ ಇದ್ದೇನೆ. ಮನೆಯೊಳಗಿನ ದಿನನಿತ್ಯದ ಸದ್ದನ್ನು ಜನ ಹೇಗೆ ಕೇಳಿಸಿಕೊಳ್ತಾರೆ, ಯಾವುದನ್ನು ಹಿತ ಅಂತಾರೆ, ಯಾವುದನ್ನು ಗಲಾಟೆ ಅಂತಾರೆ, ಈ ತೀರ್ಮಾನಗಳಿಗೆ ಒಂದು ಚರಿತ್ರೆ ಉಂಟೋ ಎಂಬುದು ನನ್ನ ಪ್ರಶ್ನೆ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡ್ತೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಮನೆಯೊಳಗಿನ ಸದ್ದಿನ ಬೆಲೆ ಕಟ್ಟುವಾಗ ಜನ ಅದರ ಜೋರನ್ನು ಮಾತ್ರ ನೋಡುವುದಿಲ್ಲ. ಅದು ಯಾರ ಸದ್ದು, ಅದನ್ನು ನಿಲ್ಲಿಸಲಿಕ್ಕೆ ಯಾರಿಗೆ ಹಕ್ಕು ಉಂಟು ಅಂತ ನೋಡ್ತಾರೆ. ಕಾಸರಗೋಡಿನಲ್ಲಿ ಆ ಹಕ್ಕು ಕಳೆದ ಒಂದೂವರೆ ಶತಮಾನದಲ್ಲಿ ಕೈಯಿಂದ ಕೈಗೆ ಬದಲಾಗಿದೆ.

ಅಳತೆ ಮತ್ತು ತೀರ್ಮಾನ

ಸದ್ದಿಗೆ ಅಳತೆ ಉಂಟು, ಸರಿ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಇದು ಹೊರಗಿನ ಪರಿಸರದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಮನೆಯ ಒಳಕ್ಕೂ ಬಂತು: ವಾಸದ ಕೋಣೆಗೆ 35, ಮಲಗುವ ಕೋಣೆಗೆ ರಾತ್ರಿ 30.

ಈ ಅಂಕಿಗಳನ್ನು ಹಿಡಿದುಕೊಂಡು ಆಟಿ ತಿಂಗಳಲ್ಲಿ ನಮ್ಮ ಹಂಚಿನ ಮನೆಯ ಒಳಗೆ ಕೂತರೆ ಏನಾಗ್ತದೆ? ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಧೋ ಅಂತ ಮಳೆ ಹಂಚಿನ ಮೇಲೆ ಬಿದ್ದರೆ 35ರ ಮಿತಿ ದಾಟಲಿಕ್ಕೆ ಬೇರೆ ಯಾವ ಸದ್ದೂ ಬೇಡ. ಆದರೂ ಆ ಸದ್ದಿನಲ್ಲೇ ನಿದ್ದೆ ಚೆನ್ನಾಗಿ ಬರ್ತದೆ ಅಂತ ಹೇಳುವವರೇ ಜಾಸ್ತಿ. ಅದೇ ಮನೆಯಲ್ಲಿ ನಲ್ಲಿಯಿಂದ ತೊಟ್ಟಿಕ್ಕುವ ನೀರು ನಿದ್ದೆ ಕೆಡಿಸ್ತದೆ. ಅದು ಮಳೆಗಿಂತ ಎಷ್ಟೋ ಸಣ್ಣ ಸದ್ದು.

ಈ ಅಂತರವನ್ನು ವಿದ್ವಾಂಸರೂ ಗಮನಿಸಿದ್ದಾರೆ. ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರೇ ಶೇಫರ್ 1977ರ ತನ್ನ ಪುಸ್ತಕದಲ್ಲಿ ಭೂದೃಶ್ಯ ಇದ್ದ ಹಾಗೆ ಧ್ವನಿದೃಶ್ಯವೂ ಉಂಟು ಎಂಬ ವಿಚಾರವನ್ನು ವಿಸ್ತರಿಸಿದ. 2014ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕವೊಂದು ಧ್ವನಿದೃಶ್ಯ ಅಂದರೆ ಜನ ಒಂದು ಸಂದರ್ಭದಲ್ಲಿ ಗ್ರಹಿಸುವ, ಅನುಭವಿಸುವ, ಅರ್ಥಮಾಡಿಕೊಳ್ಳುವ ಧ್ವನಿ ಪರಿಸರ ಅಂತ ಹೇಳಿತು. ಮನೆಗಳ ವಿಷಯದಲ್ಲಿ 2020ರಲ್ಲಿ ಸಿಮೋನೆ ತೊರೆಸಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಮೂರು ಆಯಾಮಗಳನ್ನು ಗುರುತಿಸಿತು. ಮೊದಲನೆಯದು ಹಿತ, ಎರಡನೆಯದು ತುಂಬು, ಮೂರನೆಯದು ಪರಿಚಯ. ತುಂಬು ಅಂದರೆ ಆ ಜಾಗ ಸದ್ದಿನಿಂದ ತುಂಬಿದೆಯೋ ಖಾಲಿಯೋ ಎಂಬುದು. ಹಿತವೂ ಖಾಲಿಯೂ ಆದ ಕೋಣೆ ಖಾಸಗಿ, ನಮ್ಮ ಹಿಡಿತದಲ್ಲಿರುವ ಕೋಣೆ. ತುಂಬಿದ್ದೂ ಅಹಿತವಾದರೆ ಹೊರಗಿನ ಸದ್ದು ನುಗ್ಗಿ ಬಂದ ಹಾಗೆ. ಖಾಲಿಯಾಗಿದ್ದೂ ಅಹಿತವಾದರೆ ನಾವು ಎಲ್ಲರಿಂದ ಬೇರೆಯಾದ ಹಾಗೆ.

ಮಾತು ಏನು ಹೇಳ್ತದೆ

ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನಗೆ ಇದನ್ನು ಓದಿದಾಗ ನೆನಪಿಗೆ ಬಂದದ್ದು ನಮ್ಮದೇ ಮಾತು. ಮಕ್ಕಳೆಲ್ಲ ಊರು ಬಿಟ್ಟ ಮನೆಯನ್ನು ನಾವು 'ಮನೆ ಬಿಕೋ ಅಂತದೆ' ಅಂತೇವೆ. ಖಾಲಿ ಮತ್ತು ಅಹಿತ ಎರಡೂ ಆ ಒಂದು ಮಾತಿನಲ್ಲಿ ಉಂಟು. ಸದ್ದು ಇಲ್ಲದ್ದನ್ನೂ ಒಂದು ಸದ್ದಿನ ಹಾಗೆ 'ಅಂತದೆ' ಅನ್ನುವುದನ್ನು ಗಮನಿಸಿ.

ಇನ್ನೊಂದು ಮಾತು ಕರಾವಳಿಯದ್ದು: ಗೌಜಿ. 'ಮದುವೆ ಗೌಜಿಯಲ್ಲಿ ಆಯ್ತು' ಅಂದರೆ ಮೆಚ್ಚುಗೆ. 'ಮಕ್ಕಳೇ, ಗೌಜಿ ಮಾಡಬೇಡಿ' ಅಂದರೆ ಬೈಗುಳ. ಎರಡು ಕಡೆಯೂ ಸದ್ದು ಜೋರೇ. ಮದುವೆಯ ಗೌಜಿಗೆ ಮನೆಯವರ ಒಪ್ಪಿಗೆ ಉಂಟು, ಮಕ್ಕಳ ಗೌಜಿಗೆ ಇಲ್ಲ. ಯಾರು ಒಪ್ಪಿದರು ಎಂಬುದರ ಮೇಲೆ ಒಂದೇ ಶಬ್ದದ ಬೆಲೆ ಬದಲಾಗ್ತದೆ.

ಚಾವಡಿಯ ಕೂಟ

ಈಗ ಚರಿತ್ರೆಗೆ ಬರ್ತೇನೆ. ನಮ್ಮ ಕಡೆಯ ಮನೆಗಳಲ್ಲಿ ಅತ್ಯಂತ ಯೋಚಿಸಿ ಕೇಳಿಸಿಕೊಂಡ ಒಳಾಂಗಣದ ಸದ್ದು ಯಾವುದು ಅಂದರೆ ತಾಳಮದ್ದಳೆ. ಮೇ ಕೊನೆಗೆ ಪತ್ತನಾಜೆ ಬಂತು ಅಂದರೆ ಮೇಳಗಳ ತಿರುಗಾಟ ನಿಲ್ತದೆ, ಗೆಜ್ಜೆ ಬಿಚ್ಚುತ್ತಾರೆ. ಬಯಲಾಟ ಮಳೆಗೆ ಆಗುವುದಿಲ್ಲ. ಆಗ ಆಟ ಮನೆಯೊಳಗೆ ಬರ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳ ಮಾತು, ಇಷ್ಟೇ. ಕಣ್ಣಿಗೆ ಕೆಲಸ ಕಡಿಮೆ, ಎಲ್ಲ ಕಿವಿಯದ್ದೇ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳು, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಅರ್ಥ, ಇವು ಈ ನೆಲದ ಹೆಮ್ಮೆ.

ಇದು ನಡೆಯುತ್ತಿದ್ದದ್ದು ಚಾವಡಿಯಲ್ಲಿ. ಮಣ್ಣಿನ ಅಥವಾ ಕೆಂಪು ಕಲ್ಲಿನ ಗೋಡೆ, ಮೇಲೆ ಮರದ ಮಾಡು, ಅಂಗಳದ ಕಡೆ ಹೆಚ್ಚಾಗಿ ತೆರೆದಿರುವ ಬದಿ. ಇದರ ಗುಣವನ್ನು ಒಂದು ಲೆಕ್ಕದಿಂದ ಹೇಳ್ತೇನೆ. 1890ರ ದಶಕದ ಕೊನೆಯಲ್ಲಿ ಹಾರ್ವರ್ಡಿನ ವ್ಯಾಲೇಸ್ ಸಬೀನ್ ಒಂದು ಸೂತ್ರ ಕಂಡುಹಿಡಿದ. ಕೋಣೆಯಲ್ಲಿ ಸದ್ದು ನಿಂತ ಮೇಲೂ ಎಷ್ಟು ಹೊತ್ತು ಉಳಿಯುತ್ತದೆ, ಅಂದರೆ ಅನುರಣನ ಎಷ್ಟು ಎಂಬುದು ಕೋಣೆಯ ಗಾತ್ರ ಮತ್ತು ಗೋಡೆ, ನೆಲ, ಜನ ಹೀರಿಕೊಳ್ಳುವ ಸದ್ದಿನ ಮೇಲೆ ನಿಂತಿದೆ. ಅವನ ಲೆಕ್ಕದಲ್ಲಿ ಪೂರ್ತಿ ಹೀರುವ ವಸ್ತು ಯಾವುದು ಅಂದರೆ ತೆರೆದ ಕಿಟಕಿ. ಹೋದ ಸದ್ದು ತಿರುಗಿ ಬರುವುದಿಲ್ಲ, ಅಲ್ವಾ?

6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ಜಾಗ ಇಟ್ಟುಕೊಳ್ಳಿ. ಉದ್ದದ ಒಂದು ಬದಿ ತೆರೆದಿದ್ದರೆ ಅನುರಣನ ಸುಮಾರು 0.7 ಸೆಕೆಂಡು. ಅದೇ ಜಾಗ ನಾಲ್ಕೂ ಕಡೆ ಮುಚ್ಚಿದ, ಬರಿಯ ಸಿಮೆಂಟು ಮತ್ತು ಟೈಲ್ಸಿನ ಹಾಲ್ ಆದರೆ, ಸಾಮಾನು, ಪರದೆ ಏನೂ ಇಲ್ಲದಿದ್ದರೆ, ಲೆಕ್ಕದಲ್ಲಿ 5 ಸೆಕೆಂಡು ದಾಟುತ್ತದೆ. ಇಪ್ಪತ್ತು ಜನ ಕೂತರೂ 1.2ರ ಹತ್ತಿರ ಇರ್ತದೆ. ಇದು ಪುಸ್ತಕದ ಸೂತ್ರದಿಂದ ನಾನು ಮಾಡಿದ ಅಂದಾಜು, ಯಂತ್ರ ಇಟ್ಟು ಅಳೆದದ್ದಲ್ಲ. ಆದರೆ ದಿಕ್ಕು ಸ್ಪಷ್ಟ. ಮೈಕ್ ಇಲ್ಲದ ಕಾಲದಲ್ಲಿ ವೇಗವಾಗಿ ಬರುವ ಅರ್ಥದ ಮಾತು ಒಂದಕ್ಕೊಂದು ಅಂಟಿಕೊಳ್ಳದೆ ಕೇಳಲಿಕ್ಕೆ ಚಾವಡಿ ಒಳ್ಳೆಯ ಜಾಗ. ಕನ್ನಡದ ಒಂದು ವಾದಕಲೆ ಇಲ್ಲಿ ಬೆಳೆದದ್ದರಲ್ಲಿ ಈ ಜಾಗಕ್ಕೂ ಒಂದು ಪಾಲು ಉಂಟು ಅಂತ ನನಗನಿಸ್ತದೆ.

ಯಾರು ಎಲ್ಲಿ ಕೂತು ಕೇಳಿದರು

ಇಲ್ಲಿ ಚಾವಡಿಯನ್ನು ಹೊಗಳಿ ನಿಲ್ಲಿಸಿದರೆ ಅರ್ಧ ಚರಿತ್ರೆ ಮಾತ್ರ ಆಗ್ತದೆ. ಚಾವಡಿಯಲ್ಲಿ ಕೂತವರು ಮನೆಯ ಗಂಡಸರು, ಅವರ ನೆಂಟರು, ಅತಿಥಿಗಳು. ಹೆಂಗಸರು ನಡುಮನೆಯ ಬಾಗಿಲ ಹಿಂದೆ. ಅವರ ಕಿವಿಗೆ ಭಾಗವತರ ಪದದ ಜೊತೆಗೆ ಅಡುಗೆಕೋಣೆಯ ಕಡೆಯುವ ಕಲ್ಲು, ತೊಟ್ಟಿಲು, ಪಾತ್ರೆ ಎಲ್ಲ ಸೇರಿಯೇ ಬರ್ತಿತ್ತು. ಒಕ್ಕಲುಗಳು, ಕೆಲಸದವರು ಅಂಗಳದಲ್ಲಿ, ಮಾಡಿನ ನೀರು ಬೀಳುವ ಅಂಚಿನಲ್ಲಿ. ಅವರಲ್ಲಿ ಕೆಲವರಿಗೆ ಜಗಲಿ ಹತ್ತುವ ಹಕ್ಕೇ ಇರಲಿಲ್ಲ. ಅವರು ಕೇಳಿದ ಅದೇ ಪ್ರಸಂಗ ಮಳೆಯ ಸದ್ದಿನ ಮೂಲಕ ಹರಿದು ಹರಿದು ಬಂದದ್ದು.

ಹಾಗಾಗಿ 'ಮನೆಯ ಒಳಗಿನ ಸದ್ದು' ಅನ್ನುವಾಗ ಒಳಗೆ ಅಂದರೆ ಯಾರಿಗೆ ಒಳಗೆ ಅಂತ ಕೇಳಬೇಕು. ಕೂಟ ಇಡೀ ರಾತ್ರಿ ನಡೆಯಬೇಕೋ ನಿಲ್ಲಬೇಕೋ ಅಂತ ಹೇಳುವ ಅಧಿಕಾರ ಯಜಮಾನನದ್ದು. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕಾದವಳು 'ಸಾಕು' ಅನ್ನುವ ಹಾಗಿರಲಿಲ್ಲ. ಹಿತ, ತುಂಬು, ಪರಿಚಯ ಎಂಬ ಮೂರೂ ಅವಳಿಗೆ ಇದ್ದಿರಬಹುದು, ಹಿಡಿತ ಇರಲಿಲ್ಲ. ಮನೆಯಲ್ಲಿರುವವರೆಲ್ಲರಿಗೂ ಕೋಣೆ ಸಮಾನವಾಗಿ ತಮ್ಮದು ಅಂತ ಹಿಡಿದು ಹೊರಟ ಸಂಶೋಧನೆಗೆ ಈ ಬಾಗಿಲ ಹಿಂದಿನ ಕಿವಿ ಸಿಗುವುದಿಲ್ಲ.

ಹಂಚು, ರೇಡಿಯೋ, ಟೆರೇಸು

ಬದಲಾವಣೆಗಳನ್ನು ಬೇಗ ಬೇಗ ಹೇಳ್ತೇನೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮುಳಿಹುಲ್ಲಿನ ಮಾಡಿನ ಮೇಲೆ ಮೆತ್ತಗೆ ಕೇಳುತ್ತಿದ್ದ ಮಳೆ ಹಂಚಿನ ಮೇಲೆ ಗಟ್ಟಿಯಾಯ್ತು. ನಾವು ಈಗ 'ಹಳೆಯ ಮನೆಯ ಮಳೆ' ಅಂತ ಹಂಬಲಿಸುವ ಸದ್ದು ಒಂದು ಕಾಲಕ್ಕೆ ಹೊಸ ಕೈಗಾರಿಕೆಯ ಸದ್ದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಒಕ್ಕಲುಗಳು ತಮ್ಮದೇ ಮನೆ ಕಟ್ಟಿಕೊಂಡರು. ಅಂಗಳದ ಅಂಚಿನಲ್ಲಿ ನಿಂತು ಕೇಳಿದವರಿಗೆ ತಮ್ಮದೇ ಒಂದು ಒಳಗು ಸಿಕ್ಕಿತು. ದೊಡ್ಡ ಮನೆಗಳು ಪಾಲಾದವು, ಕೂಟಗಳು ದೇವಸ್ಥಾನದ ಸಭಾಂಗಣ, ಶಾಲೆಯ ಹಾಲ್ ಕಡೆಗೆ ಹೋದವು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ತಾಳಮದ್ದಳೆ ರೇಡಿಯೋದಲ್ಲಿ ಬಂತು. ಇದು ದೊಡ್ಡ ಬದಲಾವಣೆ. ರೇಡಿಯೋವನ್ನು ಅಡುಗೆಕೋಣೆಯ ಕಿಟಕಿಯಲ್ಲೂ ಇಡಬಹುದು. ನಡುಮನೆಯ ಕಿವಿಗೆ ಮೊದಲ ಸಲ ಮಾತು ನೇರವಾಗಿ ಸಿಕ್ಕಿತು, ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಕೈಗೆ ಬಂತು.

ಆಮೇಲೆ ಟೆರೇಸಿನ ಮನೆ. ಮಳೆ ಮೌನವಾಯ್ತು, ಒಳಗಿನ ಮಾತು ಮೊಳಗತೊಡಗಿತು. ಸೋರ್ತದೆ ಅಂತ ಟೆರೇಸಿನ ಮೇಲೆ ಶೀಟು ಹಾಕಿಸಿದ ಕಡೆ ಮಳೆ ಇನ್ನೊಂದು ಬಗೆಯಲ್ಲಿ ಮರಳಿ ಬಂತು. ಈ ಸದ್ದನ್ನು ಯಾರೂ ಹೊಗಳುವುದಿಲ್ಲ, 'ಫೋನಿನಲ್ಲಿ ಮಾತಾಡ್ಲಿಕ್ಕೆ ಆಗುವುದಿಲ್ಲ' ಅಂತಾರೆ. ಹಂಚಿನ ಮಳೆಗೆ ಸಿಕ್ಕ ಪ್ರೀತಿ ಶೀಟಿನ ಮಳೆಗೆ ಸಿಗಲಿಲ್ಲ. ಮುಂದಿನ ತಲೆಮಾರು ಇದನ್ನೂ ಹಂಬಲಿಸಬಹುದೋ ಏನೋ!

ಭಾಷೆಯೂ ಮನೆಯ ಸದ್ದು

ಈಗ ನಮ್ಮ ಗೋಷ್ಠಿಯ ಮುಖ್ಯ ವಿಷಯಕ್ಕೆ. ಸಪ್ತಭಾಷೆಗಳ ನಾಡಿನಲ್ಲಿ ಮನೆಯ ಒಂದೊಂದು ಜಾಗಕ್ಕೆ ಒಂದೊಂದು ಭಾಷೆ ಇತ್ತು. ಒಂದು ಹವ್ಯಕ ಮನೆ ತೆಗೆದುಕೊಳ್ಳಿ. ಅಂಗಳದಲ್ಲಿ ತುಳು, ಅಡುಗೆಕೋಣೆಯಲ್ಲಿ ಹವ್ಯಕ ಕನ್ನಡ, ಚಾವಡಿಯ ಕೂಟದಲ್ಲಿ ಗ್ರಂಥದ ಕನ್ನಡ, ಬಸ್ಸಿನಲ್ಲಿ, ಪಂಚಾಯತಿನಲ್ಲಿ ಮಲಯಾಳ. ಇವೆಲ್ಲ ಜಗಳ ಇಲ್ಲದೆ ಇದ್ದವು, ಯಾಕಂದರೆ ಪ್ರತಿಯೊಂದಕ್ಕೂ ಅದರದ್ದೇ ಜಾಗ ಇತ್ತು. ಮಲಯಾಳ ಕೂಡ ನಮ್ಮ ನೆರೆಯವರ ಪ್ರೀತಿಯ ಭಾಷೆ, ಅದರ ಮೇಲೆ ನನಗೆ ದೂರಿಲ್ಲ.

ನನ್ನ ಆತಂಕ ಬೇರೆ. ಚಾವಡಿ ಹೋಯ್ತು. ಹಾಲಿನಲ್ಲಿ ಟಿವಿ ಬಂತು, ಈಗ ಪ್ರತಿಯೊಬ್ಬರ ಕಿವಿಯಲ್ಲೂ ಇಯರ್‌ಫೋನ್. ಮನೆ ಶಾಂತವಾಗಿದೆ, ಅಳತೆಯ ಪ್ರಕಾರ ಹಿತವೂ ಆಗಿದೆ. ಪ್ರತಿಯೊಬ್ಬರಿಗೂ ತನ್ನ ಸದ್ದಿನ ಮೇಲೆ ಪೂರ್ತಿ ಹಿಡಿತ. ಆದರೆ ಮಗುವಿನ ಕಿವಿಗೆ ಬೇಕು ಬೇಡ ಅಂತ ಕೇಳದೆ ಬೀಳುತ್ತಿದ್ದ ಕನ್ನಡ, ದೊಡ್ಡವರು ತಮ್ಮೊಳಗೆ ಆಡಿಕೊಳ್ತಿದ್ದ ವಾದದ ಕನ್ನಡ, ಬೀಳುವುದು ನಿಂತಿದೆ. ಕನ್ನಡ ಶಾಲೆಯ ಲೆಕ್ಕ ಇಡುವವರು ಇದ್ದಾರೆ. ಮನೆಯೊಳಗೆ ಕಿವಿಗೆ ಬಿದ್ದ ಕನ್ನಡದ ಲೆಕ್ಕ ಇಡುವವರು ಇಲ್ಲ. ಗಡಿನಾಡಿನಲ್ಲಿ ಭಾಷೆಯ ಉಳಿವು ಅಂದರೆ ಈ ಕೇಳಿಸಿಕೊಳ್ಳುವಿಕೆಯ ಉಳಿವೂ ಹೌದು.

ಹಾಗಂತ ಹಳೆಯ ಚಾವಡಿಗೆ ಮರಳುವ ಅಂತ ನಾನು ಹೇಳುವುದಿಲ್ಲ. ಅಲ್ಲಿ ನನಗೆ ಬಾಗಿಲ ಹಿಂದಿನ ಜಾಗವೇ ಸಿಗುತ್ತಿತ್ತು. ಎಲ್ಲರೂ ಕೂತು ಕೇಳಬಹುದಾದ, ಯಾರಾದರೂ 'ಸಾಕು' ಅನ್ನಬಹುದಾದ ಒಂದು ಕೋಣೆಯಲ್ಲಿ ಕನ್ನಡ ಹೇಗೆ ಕೇಳಬೇಕು ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಅದಕ್ಕೆ ಮೊದಲ ಹೆಜ್ಜೆಯಾಗಿ, ಇನ್ನೂ ಉಳಿದಿರುವ ಮನೆಗಳ ಸದ್ದನ್ನು ದಾಖಲಿಸುವಾಗ ಚಾವಡಿಯಲ್ಲಿ ಒಂದು, ನಡುಮನೆಯಲ್ಲಿ ಒಂದು, ಅಂಗಳದಲ್ಲಿ ಒಂದು ಮೈಕ್ ಇಡಬೇಕು ಅಂತ ನನ್ನ ಸಲಹೆ.

ಸಂವಾದ

ಸೊಲ್ಲಾಪುರದ ಕಡೆಯ ಸಹಪಾಠಿಯೊಬ್ಬರು ಹೀಗೆ ಕೇಳಿದರು: 'ನಮ್ಮ ಕಡಿ ಮನಿಯಾಗ ಪವರ್‌ಲೂಮ್ ಇರೋ ಮಂದಿ ಅದರ ಸಪ್ಪಳದಾಗ ಆರಾಮ ನಿದ್ದಿ ಮಾಡ್ತಾರ, ಮಗ್ಗ ನಿಂತ್ರ ಎಚ್ಚರ ಆಗ್ತಾರ. ನಿಮ್ಮ ವಾದದ ಪ್ರಕಾರ ಅದು ಗಲಾಟಿ ಅಲ್ಲೇನು?'

ಒಳ್ಳೆಯ ಪ್ರಶ್ನೆ. ಮಗ್ಗ ನಿಂತರೆ ಕೂಲಿ ನಿಂತ ಹಾಗೆ, ಆದ್ದರಿಂದ ಅಲ್ಲಿ ಮೌನವೇ ಆತಂಕದ ಸದ್ದು. ಗ್ರಹಿಕೆಯ ಮಟ್ಟದಲ್ಲಿ ನಿಮ್ಮ ಮಾತು ಸರಿ. ಆದರೆ ಒಗ್ಗಿಹೋದ ಸದ್ದೂ ಕಿವಿಯನ್ನು ಕೆಡಿಸ್ತದೆ. ಕಾರ್ಖಾನೆಗಳಲ್ಲಿ 8 ಗಂಟೆಯ ಕೆಲಸಕ್ಕೆ 90 ಡೆಸಿಬಲ್ ಮಿತಿ ಇಟ್ಟದ್ದು ಅದಕ್ಕೇ. ಮನೆಯೇ ಕಾರ್ಖಾನೆಯಾದರೆ ಆ ಮಿತಿಯನ್ನು ನೋಡುವವರು ಯಾರು? ಜನ ಹಿತ ಅಂದರು ಅಂತ ಅಳತೆಯನ್ನು ಬಿಡುವ ಹಾಗಿಲ್ಲ, ಅಳತೆ ಉಂಟು ಅಂತ ಜನರನ್ನು ಕೇಳದೆ ಇರುವ ಹಾಗೂ ಇಲ್ಲ. ಅಲ್ಲಿಯೂ ನನ್ನ ಪ್ರಶ್ನೆ ಅದೇ: ಮಗ್ಗದ ಬಟನ್ ಯಾರ ಕೈಯಲ್ಲಿ ಉಂಟು?