ಶಾಸನದ ಮೆಣಸು, ಸಂತೆಯ ಮೆಣಸಿನಕಾಯಿ

ದಸರಾ ಮುಗಿದು ದೀಪಾವಳಿ ಇನ್ನೂ ಬಾರದ ದಿನಗಳು. ಶಾಸನ ನೋಡುವ ನೆಪದಲ್ಲಿ ಸಿರುಗುಪ್ಪ ಸೀಮೆ ಸುತ್ತುತ್ತಾ ಹಚ್ಚೊಳ್ಳಿಯಲ್ಲಿ ಚಹಾಕ್ಕೆ ಇಳಿದೆ. ರಸ್ತೆ ಬದಿ ರೈತರು ಆಗತಾನೇ ಕಿತ್ತು ತಂದದ್ದನ್ನು ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದರು. ಮಣ್ಣು ಮೆತ್ತಿದ ಹಸಿ ಶೇಂಗಾ, ಸೀತಾಫಲ, ಹೀರೇಕಾಯಿ, ಪುಂಡಿಪಲ್ಯ, ಮೆಕ್ಕೆಜೋಳದ ತೆನೆ, ಹಸಿ ಮೆಣಸಿನಕಾಯಿ. ಬಾಯಲ್ಲಿ ನೀರು ಬರುವಂಥ ನೋಟ.

"ಅವ್ವಾ, ಮೆಣಸು ಹೆಂಗ ಕೊಡ್ತೀರಿ?" ಅಂದೆ. ಶಾಸನ ಓದಿ ಓದಿ ನನ್ನ ಬಾಯಿಗೆ ಅದೇ ಪದ ಬರುತ್ತೆ.

"ಮೆಣಸು ಬೇಕಂದ್ರ ಕಿರಾಣಿ ಅಂಗಡಿಗೆ ಹೋಗ್ರಿ ಸಾರ್. ಇದು ಮೆಣಸಿನಕಾಯಿ" ಅಂತ ಆಕೆ ನಕ್ಕರು.

ನಾನೂ ನಕ್ಕೆ, ಆದರೆ ಒಳಗೆ ಚುರುಕ್ ಅಂದಿತು. ಕೆಲವು ತಿಂಗಳ ಹಿಂದೆ ಶಾಲಾ ಮಕ್ಕಳ ಮುಂದೆ ಶಾಸನಗಳ ಬಗ್ಗೆ ಮಾತಾಡುತ್ತಾ, "ಎಂಟುನೂರು ವರ್ಷದ ಹಿಂದೆಯೇ ನಮ್ಮ ಪೇಟೆಗಳಲ್ಲಿ ಮೆಣಸಿನಕಾಯಿ ಮಾರುತ್ತಿದ್ದರು, ಕಲ್ಲಲ್ಲೇ ಬರೆದಿದೆ" ಎಂದು ಧೈರ್ಯವಾಗಿ ಹೇಳಿದ್ದೆ.

ನಾನು ಆಧಾರ ಮಾಡಿಕೊಂಡದ್ದು ರಟ್ಟರ ನಾಲ್ಕನೇ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿ ಶಾಸನವನ್ನು. ಆ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬಾರ್ನೆಟ್ ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಲಾಳ ದೇಶದ, ಮಲೆಯಾಳದ ವರ್ತಕರೂ ಸೇರಿದಂತೆ ವ್ಯಾಪಾರಿಗಳು ರಟ್ಟ ಜಿನಾಲಯಕ್ಕೆ ಬಿಟ್ಟ ಸುಂಕಗಳ ಪಟ್ಟಿ ಅದರಲ್ಲಿದೆ. ಭತ್ತ, ಮೆಣಸು, ಶುಂಠಿ, ಅರಿಸಿನ, ಎಲೆ, ಅಡಕೆ, ತೆಂಗಿನಕಾಯಿ ಎಲ್ಲ ಬರುತ್ತವೆ. ಅಲ್ಲಿನ ಮೆಣಸು ಮಲೆನಾಡಿನ ಬಳ್ಳಿಯ ಕಾಳುಮೆಣಸು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಕೊಲಂಬಸ್ ಅಲ್ಲಿಗೆ ತಲುಪಿದ್ದೇ 1492ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಆಮೇಲೆ ತಾನೇ ಆ ಖಾರ ನಮ್ಮ ಅಡುಗೆಮನೆಗೆ ಬಂದದ್ದು!

ಹೊಸಬರು ಬಂದಾಗ ಅವರಿಗೆ ಹಳಬರ ಹೆಸರನ್ನೇ ತೊಡಿಸುವುದು ನಮ್ಮ ರೂಢಿ. ಮೆಣಸಿನಂತೆ ಖಾರ ಇರುವ ಕಾಯಿ, ಹಾಗಾಗಿ ಮೆಣಸಿನಕಾಯಿ. ತೆಲುಗರೂ ಅಷ್ಟೇ, ಕಾಳಿಗೆ ಮಿರಿಯಾಲು, ಕಾಯಿಗೆ ಮಿರಪಕಾಯ ಅಂತಾರೆ. ತಮಿಳಿನಲ್ಲಿ ಮಿಳಗು, ಮಿಳಗಾಯ್. ಜೋಳದ ಕಥೆಯೂ ಇದೇ. ಹಳಗನ್ನಡದ 'ಜೋಳದ ಪಾಳಿ'ಯಲ್ಲಿರುವುದು ನಾವು ರೊಟ್ಟಿ ಬಡಿಯುವ ಜೋಳ. ಮೆಕ್ಕೆಜೋಳ ಆಮೇಲೆ ಬಂದ ನೆಂಟ.

ಈ ಕಣ್ಣಿನಿಂದ ಹಚ್ಚೊಳ್ಳಿಯ ಗೋಣಿಚೀಲಗಳನ್ನು ಮತ್ತೆ ನೋಡಿದೆ. ಶೇಂಗಾ ಅಮೆರಿಕದ್ದು. ಸೀತಾಫಲ ಅಂದರೆ ರಾಮಾಯಣದಷ್ಟು ಹಳೆಯದು ಅನ್ನಿಸುತ್ತದೆ, ಆದರೆ ಆ ಗಿಡದ ಮೂಲವೂ ಅಲ್ಲೇ. 12ನೇ ಶತಮಾನದಲ್ಲಿ ಕುರುಗೋಡಿನಿಂದ ಆಳಿದ ಸಿಂದರ ಕಾಲದ ಸಂತೆಗೆ ಹೋಗಿದ್ದರೆ ಈ ರಾಶಿಗಳಲ್ಲಿ ಅರ್ಧ ಇರುತ್ತಲೇ ಇರಲಿಲ್ಲ. ಪಕ್ಕದ ಬುಟ್ಟಿಯ ವೀಳ್ಯದೆಲೆ ಮಾತ್ರ ಹಳೆಯ ಪರಿಚಯ. ಹಂಪಿಯ ಪಾರ್ಶ್ವನಾಥ ಚೈತ್ಯಾಲಯದ 1426ರ ಸಂಸ್ಕೃತ ಶಾಸನ, ಇಮ್ಮಡಿ ದೇವರಾಯ ಆ ಬಸದಿಯನ್ನು ಎಲೆ ಅಡಕೆ ಅಂಗಡಿಗಳ ಬೀದಿಯಲ್ಲಿ ಕಟ್ಟಿಸಿದ ಎಂದೇ ಹೇಳುತ್ತದೆ. ಬೀದಿಗೇ ಎಲೆ ಅಡಕೆಯ ಹೆಸರು!

ನಾನು ವೃತ್ತಿಯಲ್ಲಿ ಎಂಜಿನಿಯರ್. ಅಳತೆ ತಪ್ಪಿದರೆ ಗೋಡೆ ವಾಲುತ್ತೆ ಅನ್ನೋದು ಗೊತ್ತು. ಪದದ ಕಾಲ ತಪ್ಪಿದರೂ ಹಾಗೇ ಆಗುತ್ತೆ ಅನ್ನೋದನ್ನು ಈಗ ಕಲಿತೆ. ಅಕ್ಷರ ಸರಿಯಾಗಿ ಓದಿದ್ದೆ, ಅರ್ಥ ಇವತ್ತಿನದು ಹಾಕಿದ್ದೆ. ಸುಂಕದ ಪಟ್ಟಿ ಓದುವ ಗೆಳೆಯರಿಗೆ ಒಂದು ಮಾತು: ಸರಕಿನ ಹೆಸರು ಪರಿಚಿತ ಅನ್ನಿಸಿದಾಗಲೇ ಹೆಚ್ಚು ಅನುಮಾನಪಡಿ. ಅದರ ಪಕ್ಕದ ಅಳತೆಯನ್ನೂ ನೋಡಿ. ಹೇರು ಅಂದರೆ ಎತ್ತಿನ ಬೆನ್ನಿನ ಹೊರೆ, ಸೊಲ್ಲಗೆ ಅಂದರೆ ಎಣ್ಣೆಯ ಅಳತೆ. ಸರಕು ಎಲ್ಲಿಂದ, ಹೇಗೆ ಬಂತು ಎಂಬ ಸುಳಿವು ಅಲ್ಲಿ ಸಿಗುತ್ತದೆ.

ಒಂದು ಸೇರು ಹಸಿ ಶೇಂಗಾ, ಕಾಲು ಕೆಜಿ ಮೆಣಸಿನಕಾಯಿ ತಗೊಂಡೆ. ಆಕೆ ಮೇಲೊಂದು ಹಿಡಿ ಕೊಸರು ಹಾಕಿದರು. ಮನೆಗೆ ಬಂದು ಶೇಂಗಾ ಕುದಿಯಲು ಇಟ್ಟು, ಆ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿದೆ. "ಸಾರ್, ಮಕ್ಕಳಿಗೆ ಒಂದು ತಪ್ಪು ಹೇಳಿಬಿಟ್ಟಿದ್ದೀನಿ, ತಿದ್ದೋಕೆ ಒಂದು ಪೀರಿಯಡ್ ಕೊಡ್ತೀರಾ?"