ದ್ವೀಪಕ್ಕೆ ಹೊರಡುವ ಮುನ್ನ

ಹಾಯಿದೋಣಿ ಬಾಡಿಗೆಗೆ ಹಿಡಿದು ಲಕ್ಷದ್ವೀಪ ಸುತ್ತೋಣವೆಂದು ನಾವು ಗೆಳೆಯರು ಯೋಚಿಸಿದೆವು. ಮೆಕ್ಯಾನಿಕಲ್ ಡಿಪ್ಲೊಮಾದವನೆಂದು ಎಂಜಿನ್ ವಿಚಾರ ನನ್ನ ಪಾಲಿಗೆ ಬಂತು. ಪ್ರವೇಶಕ್ಕೆ ಪರವಾನಗಿ ಬೇಕು, ಮಳೆಗಾಲದ ಕಡಲು ಬೇಡ ಎಂದೆಲ್ಲ ಲೆಕ್ಕ ಹಾಕುತ್ತಿದ್ದಾಗ, ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದ ಉಪ್ಪ ನಕ್ಕರು: "ಅದೂ ಒಂದು ಕಾಲದಲ್ಲಿ ನಮ್ಮ ಜಿಲ್ಲೆಯೇ ಮೋನೇ."

ನಿಜ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು ಕಂಪೆನಿಯ ಕೈಸೇರಿ ಮಂಗಳೂರಿನ ಆಡಳಿತಕ್ಕೆ ಬಂದವು. ದ್ವೀಪದವರು ಓಡಗಳಲ್ಲಿ ತೆಂಗಿನ ನಾರು ತರುತ್ತಿದ್ದರು. ಅದನ್ನು ಸರಕಾರವೇ ಪಡೆದು ಬದಲಿಗೆ ಅಕ್ಕಿ ಕೊಡುತ್ತಿತ್ತು. 1956ರ ನವೆಂಬರ್ 1ರಂದು ದ್ವೀಪಗಳು ಕೇಂದ್ರಾಡಳಿತಕ್ಕೆ, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದವು. ಒಂದೇ ದಿನ ಮನೆ ಪಾಲಾಯಿತು.

ಅರ್ಜಿಯಲ್ಲಿ 'ಪ್ರವಾಸಿ' ಎಂದು ಬರೆಯುವಾಗ ನಮ್ಮವರಿಗೆ ಇಷ್ಟಾದರೂ ನೆನಪಿರಲಿ.